ಐದು ಸಾವಿರಕ್ಕೆ ಹದಿಮೂರು ತಿಂಗಳು: ಗಡಿಯ ಎರಡೂ ಕಡೆ ಅಲೆದ ಒಂದು ಅರ್ಜಿ

ಮಗಳಿಗೆ ಆರು ತಿಂಗಳು ಕಳೆಯಿತು. ಬಸುರಿ, ಬಾಣಂತಿಯರಿಗೆ ಕೇಂದ್ರ ಸರ್ಕಾರ ಹಣ ಕೊಡುವ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯ ಎರಡನೇ ಕಂತು ಹೋದ ವಾರ ನನ್ನ ಖಾತೆಗೆ ಬಂತು. ಮೊದಲನೆಯದು 3,000, ಇದು 2,000. ಆಸ್ಪತ್ರೆಯಲ್ಲಿ ಹೆಸರು ಬರೆಸಿದ ದಿನದಿಂದ ಲೆಕ್ಕ ಹಾಕಿದರೆ ಹದಿಮೂರು ತಿಂಗಳು. ಅದರಲ್ಲಿ ಅರ್ಧದಷ್ಟು ಸಮಯ ಸುಮ್ನೆ ಹೋದದ್ದು, ವಿಷಯ ಗೊತ್ತಿಲ್ಲದೆ ಹೋದದ್ದು. ನನ್ನ ಹಾಗೆ ಕರ್ನಾಟಕದಲ್ಲಿ ಹುಟ್ಟಿ ಕಾಸರಗೋಡಿಗೆ ಮದುವೆಯಾಗಿ ಬಂದವರು, ಇಲ್ಲಿಂದ ಆ ಕಡೆಗೆ ಹೋದವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಅವರಿಗೆ ಈ ಅಲೆದಾಟ ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ನನ್ನ ತವರು ವಿಟ್ಲದ ಹತ್ತಿರ. ಗಂಡನ ಮನೆ ಪೆರ್ಲದ ಹತ್ತಿರ, ಎಣ್ಮಕಜೆ ಪಂಚಾಯತು. ನಡುವೆ ಅಡ್ಯನಡ್ಕ, ಸಾರಡ್ಕ, ಅಡ್ಕಸ್ಥಳ. ಬಸ್ಸಿಗೆ ಒಂದು ಗಂಟೆಯೂ ಬೇಡ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಎರಡೂ ಕಡೆ ಒಂದೇ. ಹುಡುಗಿ ನೋಡುವಾಗ ಯಾರೂ ರಾಜ್ಯ ಕೇಳುವುದಿಲ್ಲ. ಕಾಗದಪತ್ರದ ಕೆಲಸ ಬಂದಾಗ ಮಾತ್ರ ಇದು ಕೇರಳ, ಅದು ಕರ್ನಾಟಕ ಅಂತ ಗೊತ್ತಾಗುತ್ತದೆ.

ಗಂಡ ಅಡಿಕೆ ಮರ ಹತ್ತುವ ಕೆಲಸ ಮಾಡುತ್ತಾರೆ. ಮಳೆಗಾಲದಲ್ಲಿ ಮದ್ದು ಬಿಡುವುದು, ಆಮೇಲೆ ಕೊಯ್ಲು. ನಾನು ಬೀಡಿ ಕಟ್ಟುತ್ತಿದ್ದೆ. ತವರಿನಲ್ಲಿದ್ದಾಗ ಅಮ್ಮನ ಪಾಸ್‌ಬುಕ್ಕಿನಲ್ಲೇ (ಕಟ್ಟಿ ಕೊಟ್ಟ ಬೀಡಿಯ ಲೆಕ್ಕ ಬರೆಯುವ ಪುಸ್ತಕ) ನನ್ನ ಬೀಡಿಯೂ ಹೋಗುತ್ತಿತ್ತು. ಮದುವೆಯಾದ ಮೇಲೆ ಅತ್ತೆಯ ಪಾಸ್‌ಬುಕ್ಕಿನಲ್ಲಿ. ನನ್ನ ಹೆಸರಿನಲ್ಲಿ ಪಿಎಫ್ ಅಂತ ಒಂದು ಪೈಸೆ ಇಲ್ಲ. ಈ ಮಾತು ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತದೆ.

ಇದಕ್ಕಿಂತ ಎರಡು ವರ್ಷ ಹಿಂದೆ ನನಗೆ ಮೂರನೇ ತಿಂಗಳಲ್ಲಿ ಗರ್ಭ ಇಳಿದಿತ್ತು. ಅದಕ್ಕೇ ಈ ಸಲ ಯಾರಿಗೂ ಹೇಳಲು ಧೈರ್ಯ ಇರಲಿಲ್ಲ. ನಾವಿರುವುದು ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದ ಊರು. ಸಿಂಪಡಣೆ ನಿಂತು ಇಪ್ಪತ್ತು ವರ್ಷ ದಾಟಿದರೂ ಇಲ್ಲಿ ಬಸುರಿಯ ಸ್ಕ್ಯಾನ್ ಅಂದರೆ ಮನೆಯವರೆಲ್ಲ ಉಸಿರು ಹಿಡಿದು ಕೂರುತ್ತಾರೆ. ಅಕ್ಟೋಬರಿನಲ್ಲಿ ಆಶಾ ಅಕ್ಕ ತಾವೇ ಮನೆಗೆ ಬಂದು, "ಹೆಸರು ಬರೆಸುವುದಕ್ಕೆ ತಡ ಮಾಡಬೇಡ ಮಾರಾಯ್ತಿ" ಅಂದರು. ಮರುದಿನವೇ ಆರೋಗ್ಯ ಕೇಂದ್ರಕ್ಕೆ ಹೋದೆ. ಆಗ ಎರಡು ತಿಂಗಳು ಆಗಿತ್ತು.

ಅಲ್ಲಿ ಸಿಸ್ಟರ್ ತೂಕ, ಬಿಪಿ ನೋಡಿ, ರಕ್ತ ತೆಗೆದು, ತಾಯಿ ಮಗುವಿನ ಕಾರ್ಡು ಕೊಟ್ಟರು. ಕಾರ್ಡು ಮಲಯಾಳದಲ್ಲಿತ್ತು. ನನಗೆ ಓದಲು ಬರುವುದಿಲ್ಲ. ಎಲ್ಲದಕ್ಕೂ ತಲೆ ಆಡಿಸಿದೆ. ಸಿಸ್ಟರ್ ನನ್ನ ಬೆರಳು ನೋಡಿ, ಬೀಡಿ ಕಟ್ಟುತ್ತೀಯಾ ಅಂತ ಕೇಳಿದರು. ಹೌದು ಅಂದೆ. "ಇವತ್ತಿಗೇ ನಿಲ್ಲಿಸು. ತಂಬಾಕಿನ ಪುಡಿ ಮಗುವಿಗೆ ಒಳ್ಳೆಯದಲ್ಲ" ಅಂದರು. ಮೊದಲ ಸಲ ಕಳೆದುಕೊಂಡದ್ದು ಇದರಿಂದಲೇ ಇರಬಹುದಾ ಅಂತ ದಾರಿಯುದ್ದಕ್ಕೂ ಯೋಚನೆ. ಮನೆಗೆ ಬಂದವಳೇ ಬೀಡಿ ಕಟ್ಟುವ ಗೆರಸೆ (ಮೊರ) ಎತ್ತಿ ಅಟ್ಟದ ಮೇಲೆ ಇಟ್ಟೆ. ಅತ್ತೆ ಒಂದು ಮಾತೂ ಆಡಲಿಲ್ಲ. ಅವರೂ ತಮ್ಮ ಗೆರಸೆಯನ್ನು ಎತ್ತಿಕೊಂಡು ಹಿತ್ತಲಿನ ಚಾವಡಿಗೆ ಹೋದರು, ಧೂಳು ನನ್ನ ಕಡೆ ಬಾರದ ಹಾಗೆ.

ವಾರ ವಾರ ಬರುತ್ತಿದ್ದ ನನ್ನ ದುಡ್ಡು ಅಲ್ಲಿಗೆ ನಿಂತಿತು. ಈ ಯೋಜನೆ ಇರುವುದೂ ಅದಕ್ಕೇ. ಬಸುರಿ, ಬಾಣಂತಿ ಕೆಲಸ ಬಿಟ್ಟು ಕೂರಬೇಕಾದಾಗ ಆಗುವ ಕೂಲಿ ನಷ್ಟಕ್ಕೆ ಸ್ವಲ್ಪವಾದರೂ ಆಧಾರ. 2013ರ ಆಹಾರ ಭದ್ರತಾ ಕಾನೂನಿನಲ್ಲಿ ಗರ್ಭಿಣಿಗೆ ಕಡಿಮೆ ಅಂದರೂ 6,000 ರೂಪಾಯಿ ಅಂತ ಬರೆದಿದೆ. ಕೇಳುವಾಗ ಸಂಕೋಚ ಪಡುವವರಿಗಾಗಿ ಇದನ್ನು ಹೇಳುತ್ತಿದ್ದೇನೆ. ಯಾರ ದಯೆಯೂ ಅಲ್ಲ, ಕಾನೂನು ಕೊಟ್ಟ ಹಕ್ಕು.

ನವೆಂಬರಿನಲ್ಲಿ ಅಂಗನವಾಡಿಗೆ ಹೋದೆ. ಟೀಚರ್ ನಮ್ಮ ಊರಿನವರೇ. ತುಳುವಿನಲ್ಲೇ ಮಾತಾಡುತ್ತಾರೆ. ನನ್ನ ಮೊದಲ ಪ್ರಶ್ನೆ ಹಣದ್ದಲ್ಲ. "ಟೀಚರೇ, ಒಂದು ಸಲ ಹೋದದ್ದು ಉಂಟಲ್ವಾ, ಇದು ಮೊದಲನೇ ಮಗು ಅಂತ ಲೆಕ್ಕ ಆಗ್ತದಾ?" ಅಂತ ಕೇಳಿದೆ. ಕೇಳುವಾಗ ಗಂಟಲು ಕಟ್ಟಿತು. ಅವರು ಬರೆಯುತ್ತಿದ್ದ ಪುಸ್ತಕ ಮುಚ್ಚಿ, ನನ್ನ ಪಕ್ಕ ಬಂದು ಕೂತರು. ಗರ್ಭ ಇಳಿದವರು, ಸತ್ತ ಮಗು ಹೆತ್ತವರು ಮುಂದಿನ ಸಲ ಹೊಸದಾಗಿಯೇ ಅರ್ಜಿ ಹಾಕಬಹುದು ಅಂದರು. ಇದನ್ನು ಕೇಳಲು ನಾಚಿಕೆಪಟ್ಟು ಮನೆಯಲ್ಲೇ ಉಳಿದವರು ನನಗೆ ಗೊತ್ತಿದ್ದಾರೆ. ದಯವಿಟ್ಟು ಹೋಗಿ ಕೇಳಿ.

ಪಕ್ಕದ ಮನೆಯ ಅಕ್ಕ ನನ್ನನ್ನು ಇನ್ನೊಂದು ವಿಷಯಕ್ಕೆ ಹೆದರಿಸಿದ್ದರು. ಅವರಿಗೆ 2019ರಲ್ಲಿ ಹಣ ಬಂದಿತ್ತು. ಮೂರು ಕಂತು, 1,000, 2,000, 2,000. ಮೊದಲ ಕಂತಿಗೆ 150 ದಿನದ ಒಳಗೆ ಹೆಸರು ಬರೆಸಿರಬೇಕು ಅನ್ನುತ್ತಿದ್ದರು. ಅವರು ಹೇಳಿದ್ದು ಸುಳ್ಳಲ್ಲ, ಆದರೆ ಅದು ಹಳೆಯ ಕ್ರಮ. 2022ರ ಏಪ್ರಿಲಿನಿಂದ ಮೊದಲ ಮಗುವಿಗೆ ಎರಡೇ ಕಂತು. ಕೊನೆಯ ಮುಟ್ಟಿನ ದಿನದಿಂದ ಆರು ತಿಂಗಳೊಳಗೆ ಒಂದು ತಪಾಸಣೆಯಾದರೂ ಆಗಿದ್ದರೆ 3,000. ಮಗು ಹುಟ್ಟಿ, ಜನನ ನೋಂದಣಿಯಾಗಿ, ಹದಿನಾಲ್ಕು ವಾರದವರೆಗಿನ ಚುಚ್ಚುಮದ್ದು ಮುಗಿದರೆ 2,000. ಎರಡನೆಯ ಮಗು ಹೆಣ್ಣಾದರೆ ಒಂದೇ ಸಲಕ್ಕೆ 6,000 ಉಂಟು. ಅರ್ಜಿ ಹಾಕಲು ಮೊದಲ ಮಗುವಿಗೆ ಕೊನೆಯ ಮುಟ್ಟಿನಿಂದ 570 ದಿನ, ಎರಡನೆಯ ಹೆಣ್ಣುಮಗುವಿಗೆ ಹುಟ್ಟಿದಲ್ಲಿಂದ 270 ದಿನ ಸಮಯ ಇದೆ. ಅಂದರೆ ನಾನು ವಾಂತಿ ಮಾಡಿಕೊಂಡು ಬಸ್ಸಿನಲ್ಲಿ ಓಡಾಡಬೇಕಾದ ಅವಸರ ಇರಲೇ ಇಲ್ಲ. ಇದು ಮೊದಲೇ ಗೊತ್ತಿದ್ದರೆ!

ಟೀಚರ್ ಹೇಳಿದ ಕಾಗದಗಳು ಜಾಸ್ತಿ ಏನಲ್ಲ. ನನ್ನ ಆಧಾರ್, ತಾಯಿ ಕಾರ್ಡು, ಆಧಾರ್ ಜೋಡಿಸಿದ ನನ್ನದೇ ಬ್ಯಾಂಕ್ ಖಾತೆ, ಮೊಬೈಲ್ ನಂಬರ್, ಮತ್ತೆ ನಾವು ಯೋಜನೆಗೆ ಸೇರುವವರು ಅನ್ನುವುದಕ್ಕೆ ಒಂದು ದಾಖಲೆ. ಗಂಡನ ಆಧಾರ್ ಈಗ ಕಡ್ಡಾಯ ಅಲ್ಲ. "ದಾಖಲೆಗೆ ಎಂತ ಉಂಟು?" ಅಂದರು. ಮನೆಯದ್ದು ಪಿಂಕ್ ರೇಷನ್ ಕಾರ್ಡ್ (ಕೇರಳದಲ್ಲಿ ಆದ್ಯತೆಯ ಕುಟುಂಬಗಳಿಗೆ ಕೊಡುವುದು) ಅಂದೆ. ತೆಗೆದು ನೋಡಿದರೆ ಅದರಲ್ಲಿ ನನ್ನ ಹೆಸರೇ ಇಲ್ಲ. ಮದುವೆಯಾಗಿ ಮೂರು ವರ್ಷ ಆದರೂ ನನ್ನ ಹೆಸರು ಅಪ್ಪನ ಕಾರ್ಡಿನಲ್ಲೇ ಇತ್ತು. ತೆಗೆಸಲು ಯಾರಿಗೂ ಪುರುಸೊತ್ತು ಆಗಿರಲಿಲ್ಲ.

ಅಲ್ಲಿಂದ ಶುರುವಾಯಿತು. ಇಲ್ಲಿ ಸೇರಿಸಬೇಕಾದರೆ ಅಲ್ಲಿ ಹೆಸರು ತೆಗೆದ ಪತ್ರ ಬೇಕು. ವಿಟ್ಲ ಬಂಟ್ವಾಳ ತಾಲೂಕು. ಅಂದರೆ ಬಿ.ಸಿ.ರೋಡಿಗೆ ಹೋಗಬೇಕು. ಮೊದಲ ದಿನ ಸರ್ವರ್ ಇಲ್ಲ ಅಂದರು. ಎರಡನೇ ಸಲ ಮದುವೆ ಸರ್ಟಿಫಿಕೇಟ್ ಕೇಳಿದರು. ನಮ್ಮದು ಮನೆ ಅಂಗಳದಲ್ಲಿ ಆದ ಮದುವೆ, ನೋಂದಣಿ ಮಾಡಿರಲಿಲ್ಲ. ಮೂರನೇ ಸಲ ಪತ್ರ ಸಿಕ್ಕಿತು. ಅದನ್ನು ಹಿಡಿದುಕೊಂಡು ಅಕ್ಷಯಕ್ಕೆ (ಕೇರಳದಲ್ಲಿ ಸರ್ಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಕೇಂದ್ರ) ಹೋಗಿ ಇಲ್ಲಿ ಅರ್ಜಿ ಹಾಕಿದೆವು. ಅಲ್ಲಿ ಒಬ್ಬರು, ಮೊದಲು ಆಧಾರಿನ ವಿಳಾಸ ಕೇರಳಕ್ಕೆ ಬದಲಾಯಿಸಿ, ಇಲ್ಲದಿದ್ದರೆ ಯಾವುದೂ ಆಗುವುದಿಲ್ಲ ಅಂದರು. ಆ ದಿನ ಹೊರಗೆ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಸುಸ್ತು, ಹೊಟ್ಟೆ ತೊಳಸುವುದು, ಮೇಲಿಂದ ಮೇಲೆ ಬಸ್ಸು. ಗಂಡ ಆ ದಿನದ ಕೊಯ್ಲು ಬಿಟ್ಟು ಬಂದಿದ್ದರು. "ಬೇಡ, ಬಿಡು. ಆ ಮೂರು ಸಾವಿರಕ್ಕೆ ನಾನು ಹತ್ತು ಮರ ಜಾಸ್ತಿ ಹತ್ತುತ್ತೇನೆ" ಅಂದರು. ನನಗೆ ಮಾತ್ರ ಬಿಡಲು ಮನಸ್ಸು ಬರಲಿಲ್ಲ. ಬೀಡಿ ಬಿಟ್ಟ ಮೇಲೆ ನನ್ನದು ಅಂತ ಬರುವ ದುಡ್ಡು ಅದೊಂದೇ ಆಗಿತ್ತು.

ರೇಷನ್ ಕಾರ್ಡಿಗಾಗಿ ಕಾಯುತ್ತಿದ್ದಾಗ ಅಂಗನವಾಡಿಗೆ ಸೂಪರ್‌ವೈಸರ್ ಬಂದಿದ್ದರು. ಟೀಚರ್ ನನ್ನ ಕಥೆ ಹೇಳಿದರಂತೆ. ಅವರು ಕೇಳಿದ್ದು ಒಂದೇ ಮಾತು: "ಆ ಹುಡುಗಿ ಬೀಡಿಯವಳಲ್ವಾ, ಇ-ಶ್ರಮ್ ಕಾರ್ಡ್ ಉಂಟಾ ಕೇಳಿ."

ಇತ್ತು! 2021ರಲ್ಲಿ ಅಸಂಘಟಿತ ಕಾರ್ಮಿಕರ ಹೆಸರು ಬರೆಸಲು ಇ-ಶ್ರಮ್ ಶುರುವಾದಾಗ ಊರಿನಲ್ಲಿ ಕ್ಯಾಂಪ್ ಮಾಡಿದ್ದರು. ಪಿಎಫ್ ಇರುವ ಬೀಡಿಯವರಿಗೆ ಅದು ಇಲ್ಲ. ನನಗೆ ಪಿಎಫ್ ಇರಲಿಲ್ಲವಲ್ಲ, ಅದಕ್ಕೇ ಸಿಕ್ಕಿತ್ತು. ಇಷ್ಟು ದಿನ ಪಿಎಫ್ ಇಲ್ಲ ಅಂತ ಬೇಸರಪಟ್ಟವಳಿಗೆ ಅದೇ ದಾರಿಯಾಯಿತು. ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ದೇವರ ಕೋಣೆಯ ಮಾಡದಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಎಲ್ಲ ಕಾಗದ ಇಡುತ್ತಾರೆ. ಹತ್ತು ನಿಮಿಷದಲ್ಲಿ ತಂಗಿ ವಾಟ್ಸಾಪಿನಲ್ಲಿ ಫೋಟೋ ಕಳಿಸಿದಳು.

ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಾನು ಒಂದೂವರೆ ತಿಂಗಳು ಕಳೆದದ್ದು ಇಲ್ಲಿಯೇ. ರೇಷನ್ ಕಾರ್ಡೇ ಆಗಬೇಕಂತಿಲ್ಲ. ಇ-ಶ್ರಮ್, ಉದ್ಯೋಗ ಖಾತರಿಯ ಜಾಬ್ ಕಾರ್ಡ್, ಆಯುಷ್ಮಾನ್ ಭಾರತ್ ಕಾರ್ಡ್, ಹೆಂಗಸಿನ ಹೆಸರಿನಲ್ಲಿ ಕಿಸಾನ್ ಸಮ್ಮಾನ್, ಪರಿಶಿಷ್ಟ ಜಾತಿ ಅಥವಾ ಪಂಗಡದ ಸರ್ಟಿಫಿಕೇಟ್, 40 ಶೇಕಡಕ್ಕೆ ಕಡಿಮೆ ಇಲ್ಲದ ಅಂಗವೈಕಲ್ಯದ ಪತ್ರ, ಇದರಲ್ಲಿ ಯಾವುದಾದರೂ ಒಂದು ಸಾಕು. ಏನೂ ಇಲ್ಲದಿದ್ದರೆ ವರ್ಷಕ್ಕೆ 8 ಲಕ್ಷಕ್ಕಿಂತ ಕಡಿಮೆ ಆದಾಯ ಅಂತ ವಿಲ್ಲೇಜ್ ಆಫೀಸಿನ ಸರ್ಟಿಫಿಕೇಟ್ ಕೂಡ ಆಗುತ್ತದೆ. ಸರ್ಕಾರದ ಅಥವಾ ಸರ್ಕಾರಿ ಉದ್ದಿಮೆಯ ಕಾಯಂ ನೌಕರಿಯಲ್ಲಿರುವವರಿಗೆ, ಬೇರೆ ಕಾನೂನಿನಲ್ಲಿ ಇಂಥದ್ದೇ ಸೌಲಭ್ಯ ಸಿಗುವವರಿಗೆ ಇಲ್ಲ. ಆಧಾರಿನ ವಿಳಾಸದ ಬಗ್ಗೆ ಹೇಳುವುದಾದರೆ, ನನ್ನದು ಇವತ್ತಿಗೂ ವಿಟ್ಲದ್ದೇ. ಇದು ಕೇಂದ್ರದ ಯೋಜನೆ. ವಿಳಾಸದ ಕಾರಣಕ್ಕೆ ನನ್ನ ಅರ್ಜಿ ಒಮ್ಮೆಯೂ ವಾಪಸ್ ಬರಲಿಲ್ಲ.

ಡಿಸೆಂಬರ್ ಕೊನೆಗೆ ಟೀಚರ್ ಆನ್‌ಲೈನಿನಲ್ಲಿ ಅರ್ಜಿ ಹಾಕಿದರು. ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಅರ್ಜಿಗೆ ಶುಲ್ಕ ಇಲ್ಲ. ಯಾರಾದರೂ ಕೇಳಿದರೆ ಕೊಡಬೇಡಿ.

ಫೆಬ್ರವರಿ ಮೂರನೇ ವಾರ ಮೊಬೈಲಿಗೆ ಮೆಸೇಜ್ ಬಂತು. ಇಂಗ್ಲಿಷಿನಲ್ಲಿತ್ತು. ಮೂರು ಸಾವಿರ ಅನ್ನುವುದು ಮಾತ್ರ ಅರ್ಥವಾಯಿತು. ಮರುದಿನವೇ ಗಂಡ ಪಾಸ್‌ಬುಕ್ ತೆಗೆದುಕೊಂಡು ಪೆರ್ಲಕ್ಕೆ ಹೋದರು. ಹಣ ಬಂದಿರಲಿಲ್ಲ. ನಾಲ್ಕು ದಿನ ಬಿಟ್ಟು ನೋಡಿದರೂ ಇಲ್ಲ. ಟೀಚರ್ ಪೋರ್ಟಲಿನಲ್ಲಿ ನೋಡಿ, ಹಣ ಹೋಗಿದೆ ಅಂದರು. ಅಲ್ಲಿದ್ದ ಖಾತೆಯ ಕೊನೆಯ ನಾಲ್ಕು ಅಂಕಿ ನನ್ನ ಪಾಸ್‌ಬುಕ್ಕಿನದ್ದಲ್ಲ. ಬೇರೆಯವರ ಖಾತೆಗೆ ಹೋಯಿತಾ ಅಂತ ಎದೆ ಧಸಕ್ಕೆಂದಿತು. ರಾತ್ರಿ ನಿದ್ದೆ ಬರಲಿಲ್ಲ.

ವಿಷಯ ಏನೆಂದರೆ, ಈ ಯೋಜನೆಯ ಹಣ ನಾವು ಬರೆದು ಕೊಟ್ಟ ಖಾತೆ ನಂಬರಿಗೆ ಬರುವುದಿಲ್ಲ. ನಮ್ಮ ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಡುವುದು ಬೇರೆ, ಹಣ ಬರುವ ಹಾಗೆ ಜೋಡಿಸುವುದು ಬೇರೆ. ಪೆರ್ಲದ ಬ್ಯಾಂಕಿಗೆ ನಾನು ಕೊಟ್ಟದ್ದು ಜೆರಾಕ್ಸ್ ಮಾತ್ರ. ಅಷ್ಟಕ್ಕೇ ಆಯಿತು ಅಂದುಕೊಂಡಿದ್ದೆ.

ನೋಡುವುದು ಹೇಗೆ ಅಂದರೆ, ಮೈ ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ. ಆಧಾರ್ ನಂಬರ್ ಹಾಕಿದರೆ ಒಟಿಪಿ ಬರುತ್ತದೆ. ನನ್ನ ಆಧಾರಿಗೆ ಇದ್ದದ್ದು ಅಪ್ಪನ ಮೊಬೈಲ್ ನಂಬರ್. ಅಪ್ಪ ಆ ಹೊತ್ತಿಗೆ ಬೀಡಿ ಬ್ರಾಂಚಿನಲ್ಲಿ ಸಾಲಿನಲ್ಲಿದ್ದರು. ಕನ್ನಡಕ ಮನೆಯಲ್ಲಿ ಬಿಟ್ಟು ಹೋಗಿದ್ದರು. ಪಕ್ಕದಲ್ಲಿದ್ದ ಹುಡುಗನ ಕೈಗೆ ಫೋನ್ ಕೊಟ್ಟು ಓದಿಸುವಷ್ಟರಲ್ಲಿ ಸಮಯ ಮುಗಿಯಿತು. ಮೂರನೇ ಸಲಕ್ಕೆ ಸರಿಯಾಯಿತು. ತೆರೆಯ ಮೇಲೆ ಬಂದ ಬ್ಯಾಂಕಿನ ಹೆಸರು ನೋಡಿ ಎಲ್ಲ ನೆನಪಾಯಿತು. ಪಿಯುಸಿಯಲ್ಲಿ ಸ್ಕಾಲರ್‌ಶಿಪ್‌ಗೆ ಅಂತ ವಿಟ್ಲದ ಕಡೆ ಮಾಡಿದ ಖಾತೆ. ಅದರ ಪಾಸ್‌ಬುಕ್ ಎಲ್ಲಿದೆ ಅಂತಲೂ ಗೊತ್ತಿರಲಿಲ್ಲ.

ಅರ್ಜಿ ಹಾಕುವ ಮೊದಲು ಈ ಒಂದು ಕೆಲಸ ಮಾಡಿ. ಉಳಿದ ಯಾವುದನ್ನು ಮರೆತರೂ ಇದನ್ನು ಮರೆಯಬೇಡಿ. ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅಂತ ನೋಡಿ. ಬೇಕಾದ ಬ್ಯಾಂಕಿಗೆ ಇಲ್ಲದಿದ್ದರೆ ಅಲ್ಲಿಗೆ ಹೋಗಿ, ಸಬ್ಸಿಡಿ ಹಣ ಬರುವ ಹಾಗೆ ಆಧಾರ್ ಸೀಡಿಂಗ್ ಮಾಡಿ ಅಂತ ಬಾಯಿಬಿಟ್ಟು ಹೇಳಿ, ಅದರ ಫಾರ್ಮಿಗೆ ಸಹಿ ಹಾಕಿ. ಬಸ್ಸಿನಲ್ಲಿ ಹೋಗಲು ಆಗದವರಿಗೆ ಪೋಸ್ಟ್‌ಮ್ಯಾನ್ ಮೂಲಕ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನಲ್ಲಿ ಖಾತೆ ಮಾಡಬಹುದು. ಅವರು ಮನೆಗೇ ಬಂದು ಬೆರಳಚ್ಚು ತೆಗೆದುಕೊಂಡು ಮಾಡಿಕೊಡುತ್ತಾರೆ. ನನ್ನ ನಾದಿನಿಗೆ ಹಾಗೆ ಮಾಡಿಸಿದೆವು.

ಮಾರ್ಚ್ ಮೊದಲ ವಾರ ಸೀಮಂತ ಮಾಡಿ ತವರಿಗೆ ಕರೆದುಕೊಂಡು ಹೋದರು. ಮಡಿಲು ತುಂಬಿದ ಮೂರನೇ ದಿನಕ್ಕೆ ನಾನು ಬ್ಯಾಂಕಿನ ಮೆಟ್ಟಿಲು ಹತ್ತಿದೆ. ಖಾತೆಯಲ್ಲಿ ಹಣ ಇತ್ತು, ತೆಗೆಯಲು ಆಗುವುದಿಲ್ಲ ಅಂದರು. ಎರಡು ವರ್ಷ ಏನೂ ವ್ಯವಹಾರ ಮಾಡದ ಕಾರಣ ಖಾತೆ ನಿಂತುಹೋಗಿತ್ತು. ಹೊಸದಾಗಿ ಕೆವೈಸಿ ಕೊಡಬೇಕು. ಕೊಟ್ಟೆ. ಸಹಿ ಹೊಂದುವುದಿಲ್ಲ ಅಂದರು. ಹದಿನೇಳನೇ ವಯಸ್ಸಿನಲ್ಲಿ ಹಾಕಿದ ಸಹಿ ಈಗ ಯಾರದ್ದು ಹೊಂದುತ್ತದೆ? ಎರಡನೇ ಸಲ ಹೋದಾಗ ಹೆಸರಿನ ಇನಿಶಿಯಲ್ ಖಾತೆಯಲ್ಲಿ ಮುಂದೆ, ಆಧಾರಿನಲ್ಲಿ ಹಿಂದೆ ಅಂದರು. ಮಿನಿಮಮ್ ಬ್ಯಾಲೆನ್ಸ್ ಇಲ್ಲದ್ದಕ್ಕೆ ದಂಡ ಕಟ್ ಆಗಬಹುದು ಅಂತಲೂ ಒಬ್ಬರು ಹೇಳಿದರು. ಆ ಮಾತು ಕೇಳಿ ಕೈಕಾಲು ತಣ್ಣಗಾಯಿತು. ವಾಚ್‌ಮ್ಯಾನ್ ಅಣ್ಣ ತಮ್ಮ ಕುರ್ಚಿ ತಂದು ಫ್ಯಾನಿನ ಕೆಳಗೆ ಹಾಕಿ, ಕೂತ್ಕೊಳ್ಳಿ ಅಕ್ಕ ಅಂದರು. ಅದನ್ನು ನಾನು ಮರೆಯುವುದಿಲ್ಲ.

ತಂಗಿಯ ಗೆಳತಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ಅವಳು ಹೇಳಿದ್ದು ನನಗೆ ತುಂಬ ಉಪಯೋಗಕ್ಕೆ ಬಂತು. ರಿಸರ್ವ್ ಬ್ಯಾಂಕಿನ ನಿಯಮ ಪ್ರಕಾರ, ಹೀಗೆ ನಿಂತುಹೋದ ಖಾತೆಗೆ ಮಿನಿಮಮ್ ಬ್ಯಾಲೆನ್ಸಿನ ದಂಡ ಹಾಕುವಂತಿಲ್ಲ. ಮತ್ತೆ ಚಾಲೂ ಮಾಡಲು ಶುಲ್ಕವೂ ಇಲ್ಲ. 2024ರ ಏಪ್ರಿಲಿನಿಂದ ಈ ನಿಯಮ ಇದೆ. ಮೂರನೇ ಸಲ ತಂಗಿಯನ್ನು ಕರೆದುಕೊಂಡು ಹೋಗಿ ನೇರವಾಗಿ ಮ್ಯಾನೇಜರ್ ಹತ್ತಿರ ಈ ಮಾತು ಹೇಳಿದೆ. ಅವರು ಒಳ್ಳೆಯವರು. ಅಲ್ಲಿಯೇ ಕೂರಿಸಿ, ಹೊಸ ಸಹಿ ತೆಗೆದುಕೊಂಡು, ಒಂದು ವಾರದಲ್ಲಿ ಸರಿ ಮಾಡಿಸಿದರು. ಏಪ್ರಿಲಿನಲ್ಲಿ ಹಣ ಕೈಗೆ ಬಂತು. ಆರು ಐನೂರರ ನೋಟು. ಐದನೇ ತಿಂಗಳ ಸ್ಕ್ಯಾನಿಗೆ ಅಂತ ಅತ್ತೆಯ ಹತ್ತಿರ ಸಾಲ ಮಾಡಿದ್ದೆ. ಮೊದಲು ಅದನ್ನು ಕಳಿಸಿದೆ. ಅತ್ತೆ ಆ ದುಡ್ಡಿನಲ್ಲಿ ಮಗುವಿಗೆ ತೊಟ್ಟಿಲಿನ ಹಗ್ಗ, ಹಳೆಯ ಸೀರೆಗೆ ಹೊಸ ಅಂಚು ಹಾಕಿಸಿಟ್ಟಿದ್ದರಂತೆ. ಹೆರಿಗೆಯಾದ ಮೇಲೆ ಗೊತ್ತಾಯಿತು.

ಮೇ ತಿಂಗಳ ನಡುವೆ ಮಗಳು ಹುಟ್ಟಿದಳು. ಕರ್ನಾಟಕದ ಕಡೆಯ ಸರ್ಕಾರಿ ಆಸ್ಪತ್ರೆಯಲ್ಲಿ ನಾರ್ಮಲ್ ಹೆರಿಗೆ. ಹೆರಿಗೆಗೆ, ಮದ್ದಿಗೆ, ರಕ್ತ ಪರೀಕ್ಷೆಗೆ ದುಡ್ಡು ಕೊಡಬೇಕಾಗಿರಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಇದು ದೇಶದ ಎಲ್ಲ ಕಡೆ ಉಚಿತ. ಸಿಸೇರಿಯನ್ ಆದರೂ ಉಚಿತವೇ. ವಾಪಸ್ ಮನೆಗೆ ಬಿಡುವ ಗಾಡಿಯೂ ಸೇರಿದೆ, ಕೇಳಿ ತೆಗೆದುಕೊಳ್ಳಿ. ಮಗುವನ್ನು ಎದೆಯ ಮೇಲೆ ಇಟ್ಟಾಗ ಮೊದಲು ಕೈಬೆರಳು, ಕಾಲುಬೆರಳು ಎಣಿಸಿದೆ. ಇಪ್ಪತ್ತು ಇತ್ತು. ಮತ್ತೊಮ್ಮೆ ಎಣಿಸಿದೆ.

ಆ ಸಂತೋಷದಲ್ಲಿ ಒಂದು ತಪ್ಪು ಆಯಿತು. ಜನನ ನೋಂದಣಿಗೆ ಒಂದು ಫಾರ್ಮ್ ತಂದು ಗಂಡನ ಕೈಗೆ ಕೊಟ್ಟಿದ್ದರು. ತಾಯಿಯ ಹೆಸರು ಅನ್ನುವ ಗೆರೆಯ ಮೇಲೆ ಅವರು ಮನೆಯಲ್ಲಿ ನನ್ನನ್ನು ಕರೆಯುವ ಹೆಸರು ಬರೆದು, ಅದರ ಮುಂದೆ ತಮ್ಮ ಹೆಸರು ಸೇರಿಸಿದ್ದರು. ಎರಡು ದಿನ ನಿದ್ದೆ ಇಲ್ಲದವರು, ಅವರನ್ನು ಏನು ಹೇಳುವುದು? ಸರ್ಟಿಫಿಕೇಟ್ ಹಾಗೆಯೇ ಅಚ್ಚಾಗಿ ಬಂತು. ಆಧಾರಿನ ಹೆಸರಿಗೂ ಅದಕ್ಕೂ ಸಂಬಂಧವೇ ಇಲ್ಲ. ಇದರಿಂದ ಎರಡನೇ ಕಂತು ನಿಲ್ಲುತ್ತದೆ ಅಂತ ಟೀಚರ್ ಫೋನಿನಲ್ಲೇ ಹೇಳಿದರು.

ಜನನ ನೋಂದಣಿ ಆಗುವುದು ಮಗು ಹುಟ್ಟಿದ ಜಾಗದಲ್ಲಿ. ತಿದ್ದುಪಡಿಯೂ ಅಲ್ಲಿಯದ್ದೇ ರಿಜಿಸ್ಟ್ರಾರ್ ಮಾಡಬೇಕು. ಕೇರಳದಲ್ಲಿ ಕೂತು ಆಗುವುದಿಲ್ಲ. ನನ್ನ ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಎರಡು ಹೆಸರೂ ಒಬ್ಬಳದ್ದೇ ಅಂತ ನೋಟರಿಯ ಅಫಿಡವಿಟ್ ಕೊಟ್ಟೆವು. ಬಾಣಂತಿ ನಾನು ಹೋಗುವ ಹಾಗಿರಲಿಲ್ಲ. ಜೂನಿನ ಮಳೆಯಲ್ಲಿ ಅಪ್ಪ ನಾಲ್ಕು ಸಲ ಹೋದರು. ಒಂದು ಸಲ ಸಾಹೇಬರು ಮೀಟಿಂಗಿನಲ್ಲಿದ್ದರು. ಒಂದು ಸಲ ಫೈಲ್ ಸಿಗಲಿಲ್ಲ. ಅಪ್ಪ ನೆನೆದು ಬಂದು, ಕಾಗದದ ಚೀಲವನ್ನು ಅಂಗಿಯೊಳಗಿಂದ ತೆಗೆದು ಮೇಜಿನ ಮೇಲಿಡುತ್ತಿದ್ದರು. ಚೀಲ ಒಣಗಿಯೇ ಇರುತ್ತಿತ್ತು. ಸರಿಯಾದ ಸರ್ಟಿಫಿಕೇಟ್ ಸಿಕ್ಕಿದ್ದು ಸೆಪ್ಟೆಂಬರ್ ಎರಡನೇ ವಾರ. ಹಾಗಾಗಿ ಹೆರಿಗೆಗೆ ಹೋಗುವ ಚೀಲದಲ್ಲಿ ಒಂದು ಚೀಟಿ ಇಡಿ. ನಿಮ್ಮ ಹೆಸರು ಆಧಾರಿನಲ್ಲಿ ಹೇಗಿದೆಯೋ ಹಾಗೆ, ಅಕ್ಷರ ಬಿಡದೆ ಬರೆದು ಇಡಿ. ಫಾರ್ಮ್ ತುಂಬುವವರು ಯಾರೇ ಆಗಲಿ, ಅದನ್ನು ನೋಡಿ ಬರೆಯಲಿ.

ಚುಚ್ಚುಮದ್ದಿನ ವಿಷಯದಲ್ಲಿ ಮಾತ್ರ ನಾನು ಮೊದಲೇ ಹುಷಾರಾಗಿದ್ದೆ. ಹುಟ್ಟಿದಾಗ ಬಿಸಿಜಿ, ಪೋಲಿಯೊ, ಹೆಪಟೈಟಿಸ್ ಬಿ ಆಸ್ಪತ್ರೆಯಲ್ಲಿ ಆಯಿತು. ಆರನೇ ವಾರದ್ದು, ಹತ್ತನೇ ವಾರದ್ದು ವಿಟ್ಲದ ಕಡೆ. ಆಗಸ್ಟಿನಲ್ಲಿ ಗಂಡನ ಮನೆಗೆ ಬಂದ ಮೇಲೆ ಹದಿನಾಲ್ಕನೇ ವಾರದ್ದು ಇಲ್ಲಿ. ಆ ಕಡೆಯ ಸಿಸ್ಟರ್ ಕನ್ನಡದ ಬೇರೆ ಕಾರ್ಡು ಕೊಟ್ಟಿದ್ದರು. ನಾನು ಕೇರಳದ ಕಾರ್ಡನ್ನೂ ಮುಂದಿಟ್ಟು, ದಯವಿಟ್ಟು ಇದರಲ್ಲಿಯೂ ಬರೆಯಿರಿ ಸಿಸ್ಟರ್ ಅಂತ ಕೇಳಿದೆ. ಮಲಯಾಳ ಗೊತ್ತಿಲ್ಲ ಅಂದರು. ಯಾವ ಸಾಲು ಯಾವ ವಾರದ್ದು ಅಂತ ನಾನು ಪಕ್ಕದ ಮನೆಯ ಹುಡುಗಿಯ ಹತ್ತಿರ ಓದಿಸಿ, ಪೆನ್ಸಿಲಿನಲ್ಲಿ ಕನ್ನಡದಲ್ಲಿ ಬರೆದುಕೊಂಡಿದ್ದೆ. ಅದನ್ನು ನೋಡಿ ಅವರು ತಾರೀಕು ಹಾಕಿ ಸೀಲ್ ಒತ್ತಿದರು. ಇದರಿಂದ ಇಲ್ಲಿ ಒಂದೇ ಕಾರ್ಡಿನಲ್ಲಿ ಎಲ್ಲವೂ ಇತ್ತು.

ಸೆಪ್ಟೆಂಬರಿನಲ್ಲಿ ಎರಡನೇ ಕಂತಿಗೆ ಹಾಕಿದೆವು. ಎರಡು ಸರ್ಟಿಫಿಕೇಟಿನ ಗೊಂದಲ ಬಾರದಿರಲಿ ಅಂತ ತಡವಾದ ಕಾರಣ ಬರೆದು ಕೊಡಲು ಹೇಳಿದರು. ನಾನು ಕನ್ನಡದಲ್ಲೇ ಬರೆದೆ. ಯಾರೂ ಬೇಡ ಅನ್ನಲಿಲ್ಲ. ಕಾಸರಗೋಡಿನ ಕನ್ನಡದವರಿಗೆ ಕಚೇರಿಗಳಲ್ಲಿ ಕನ್ನಡದಲ್ಲಿ ಬರೆಯುವ ಹಕ್ಕು ಕೊಟ್ಟದ್ದು ಕೇರಳದ 1969ರ ಭಾಷಾ ಕಾಯ್ದೆ. ಅಷ್ಟರೊಳಗೆ ಪೆರ್ಲದ ಬ್ಯಾಂಕಿಗೆ ಆಧಾರ್ ಸೀಡಿಂಗ್ ಮಾಡಿಸಿ, ಮೊಬೈಲ್ ನಂಬರನ್ನೂ ಆಧಾರ್ ಕೇಂದ್ರದಲ್ಲಿ ನನ್ನದಕ್ಕೆ ಬದಲಾಯಿಸಿಕೊಂಡಿದ್ದೆ. ಅಕ್ಟೋಬರ್ ಪೂರ್ತಿ ಏನೂ ಸುದ್ದಿ ಇಲ್ಲ. ಸಹಾಯವಾಣಿ 14408ಕ್ಕೆ ಫೋನ್ ಮಾಡಿದೆ. ಅರ್ಜಿ ಮಂಜೂರಾಗಿದೆ, ಹಣ ಬರುವುದು ಬಾಕಿ ಅಂದರು. ಸುಮ್ಮನೆ ಕಾಯುವುದಕ್ಕಿಂತ ಒಮ್ಮೆ ಕೇಳಿದ್ದು ಸಮಾಧಾನ ಆಯಿತು.

ಖರ್ಚಿನ ವಿಷಯ ಹೇಳದೆ ಇದ್ದರೆ ಪೂರ್ತಿಯಾಗುವುದಿಲ್ಲ. ಬಸ್ಸು, ಆಟೋ, ಅಕ್ಷಯದ ಚಾರ್ಜು, ನೋಟರಿ, ಜೆರಾಕ್ಸ್ ಎಲ್ಲ ಸೇರಿ ನನ್ನ ಡೈರಿಯಲ್ಲಿ 1,640 ರೂಪಾಯಿ ಬರೆದಿದೆ. ಗಂಡನಿಗೆ ಐದು ದಿನ, ಅಪ್ಪನಿಗೆ ನಾಲ್ಕು ದಿನ ಕೆಲಸ ಹೋದದ್ದು ಇದರಲ್ಲಿ ಸೇರಿಲ್ಲ. ಇ-ಶ್ರಮ್, ಸೀಡಿಂಗ್, ಹೆಸರಿನ ಚೀಟಿ, ಈ ಮೂರು ಮೊದಲೇ ಗೊತ್ತಿದ್ದರೆ ಇನ್ನೂರು ರೂಪಾಯಿಯೂ ಆಗುತ್ತಿರಲಿಲ್ಲ.

ಹೋದ ವಾರ ಮಗಳನ್ನು ಎತ್ತಿಕೊಂಡು ಅಂಗನವಾಡಿಗೆ ಹೋಗಿದ್ದೆ. ಆರು ತಿಂಗಳಾದ ಮಕ್ಕಳಿಗೆ ಕೊಡುವ ಅಮೃತಂ ಪುಡಿಯ ಮೊದಲ ಪ್ಯಾಕೆಟ್ ತರಲು. ಟೀಚರ್ ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಳ್ಳುವಾಗ ಫೋನ್ ಸದ್ದು ಮಾಡಿತು. ಎರಡು ಸಾವಿರ, ಕೊನೆಯ ನಾಲ್ಕು ಅಂಕಿ ನನ್ನ ಪಾಸ್‌ಬುಕ್ಕಿನದ್ದೇ. ಟೀಚರಿಗೆ ತೋರಿಸಿದೆ. ಅವರು ಮಗಳ ಕೆನ್ನೆ ಮುಟ್ಟಿ, "ಅಂತೂ ಬಂತಲ್ಲ ಪುಟ್ಟಿ" ಅಂದರು. ಬಾಗಿಲ ಹತ್ತಿರ ಹೊಸ ಹುಡುಗಿಯೊಬ್ಬಳು ಕೈಯಲ್ಲಿ ತಾಯಿ ಕಾರ್ಡು ಹಿಡಿದು ನಿಂತಿದ್ದಳು. ಅಡ್ಯನಡ್ಕದವಳಂತೆ, ಈ ವರ್ಷ ಮದುವೆಯಾಗಿ ಬಂದವಳು. ನನ್ನ ನಂಬರ್ ಕೊಟ್ಟಿದ್ದೇನೆ. ಭಾನುವಾರ ಆಧಾರ್ ಕಾರ್ಡು, ಅದಕ್ಕೆ ಜೋಡಿಸಿದ ಮೊಬೈಲು ಎರಡನ್ನೂ ಹಿಡಿದುಕೊಂಡು ಮನೆಗೆ ಬರುತ್ತಾಳೆ.